ಹಸಿರಿನ ನಡುವೆ ಒಂದು ಕೋಣೆ

ಮಗಳಿಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿತೆಂದರೆ ಬಯಲುಸೀಮೆಯ ಮನೆಗಳಲ್ಲಿ ಸಂತೋಷದ ಬೆನ್ನಿಗೇ ಒಂದು ಚಿಂತೆಯೂ ಹುಟ್ಟಿಕೊಳ್ಳುತ್ತದೆ: ಅವಳನ್ನು ಇರಿಸುವುದೆಲ್ಲಿ? ಹಂಪನಕಟ್ಟೆಯ ಗದ್ದಲ ಕಂಡು ತಾಯಿ ಗಾಬರಿಯಾದರೆ, ಬಾಡಿಗೆ ಕೇಳಿ ತಂದೆ ಗಾಬರಿಯಾಗುತ್ತಾರೆ. ಆಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ, “ಪೇಟೆಯಿಂದ ಸ್ವಲ್ಪ ಹೊರಗೆ ನೋಡಿ. ಗಿಡಮರ ಉಂಟು, ಗಾಳಿ ಉಂಟು, ಓದುವವರಿಗೆ ಒಳ್ಳೆಯದು.”

ಮಾತು ಸುಳ್ಳಲ್ಲ. ಕೊಣಾಜೆಯ ಗುಡ್ಡದ ಮೇಲೆ 1980ರಲ್ಲಿ ಆರಂಭವಾದ ಮಂಗಳೂರು ವಿಶ್ವವಿದ್ಯಾನಿಲಯವಿದೆ. ಫಲ್ಗುಣಿ ನದಿಯ ಕಡೆಗೆ ಹೋದರೆ ಪಿಲಿಕುಳದ ನಿಸರ್ಗಧಾಮ. ನೇತ್ರಾವತಿ ದಾಟಿದರೆ ಉಳ್ಳಾಲ, ಸೋಮೇಶ್ವರದ ಕಡಲು. ಉತ್ತರದ ಸುರತ್ಕಲ್‌ನಲ್ಲಿ, 1960ರಲ್ಲಿ ಕೆ.ಆರ್.ಇ.ಸಿ. ಎಂದು ಹುಟ್ಟಿದ ಇಂದಿನ ಎನ್.ಐ.ಟಿ.ಕೆ.ಗೆ ಸಮುದ್ರವೇ ನೆರೆಮನೆ. ಆದರೆ ಅದೇ ಸುರತ್ಕಲ್ಲನ್ನು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳಿಗೆ ರಾತ್ರಿಯೆಂಬುದಿಲ್ಲ. ಕಡಲ ಹತ್ತಿರವೆಂದ ಮಾತ್ರಕ್ಕೆ ಮನೆ ಪ್ರಶಾಂತವಾಗಿರಬೇಕೆಂದೇನೂ ಇಲ್ಲ.

ತೊಡಕಿರುವುದು ಇನ್ನೊಂದು ಕಡೆ. ಹೆತ್ತವರು ಕೋಣೆ ನೋಡಲು ಬರುವುದು ಸಾಮಾನ್ಯವಾಗಿ ಬಿಸಿಲಿನ ದಿನ, ಹಗಲು ಹೊತ್ತಿನಲ್ಲಿ. ಮಕ್ಕಳು ಅಲ್ಲಿ ಬದುಕಬೇಕಾದದ್ದು ಮಳೆಯಲ್ಲಿ. ಈ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಬಟ್ಟೆ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸು ಹಿಡಿಯುತ್ತದೆ, ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ. ಬೇಸಿಗೆಯಲ್ಲಿ ಕಣ್ಣು ತಣಿಸಿದ ಕಡಲು ಉಳ್ಳಾಲದ ಕಡೆ ದಡವನ್ನೇ ಕೊರೆಯುತ್ತದೆ. ಆಗ ನೀರಿಗಿಳಿಯುವುದು ಜೀವಕ್ಕೇ ಅಪಾಯ.

ಕೊಣಾಜೆಯ ಕಡೆ ಕೋಣೆ ಹುಡುಕುತ್ತಾ ಬಂದ ಹಾವೇರಿಯ ಒಬ್ಬ ತಂದೆಗೆ ಗುಡ್ಡದ ಮೇಲಿನ ಮನೆಯೊಂದು ನೋಡಿದ ಕೂಡಲೇ ಹಿಡಿಸಿತು. ಕಿಟಕಿ ತೆರೆದರೆ ಕಣಿವೆ, ತೆಂಗಿನ ತೋಟ. ಮುಂಗಡ ಕೊಡಲು ಜೇಬಿಗೆ ಕೈ ಹಾಕಿದಾಗ ಮನೆಯೊಡತಿಯೇ ತಡೆದರು. “ಕೊಡಲಿಕ್ಕೆ ನನಗೇನೂ ಇಲ್ಲ ಮಾರಾಯರೆ. ಆದರೆ ಸಂಜೆ ಏಳು ಗಂಟೆಗೆ ಬಸ್ಸಿನಿಂದ ಇಳಿದು ನೀವಿಬ್ಬರೂ ಒಮ್ಮೆ ನಡೆದು ಬನ್ನಿ. ಆಮೇಲೆ ಹೇಳಿ.”

ಅಪ್ಪ, ಮಗಳು ಅಂದು ಸಂಜೆ ನಡೆದರು. ತಿರುವಿನಾಚೆ ಬೀದಿದೀಪವಿರಲಿಲ್ಲ. ದಾರಿಯಲ್ಲಿ ಒಂದು ಮನೆಯೂ ಸಿಗಲಿಲ್ಲ. ಬೆಳಿಗ್ಗೆ ಹಿತವೆನಿಸಿದ್ದ ಮೌನ ಈಗ ಬೇರೆಯದೇ ಆಗಿತ್ತು. ಮಗಳು ಮೆಲ್ಲಗೆ ಹೇಳಿದಳು, “ಮನಿ ಚಲೋ ಐತಪ್ಪಾ. ಆದ್ರ ಮಳಿಯಾಗ ಈ ದಾರಿ ನಾ ಒಬ್ಬಾಕಿನ ನಡೀಬೇಕಲ್ಲ?”

ಅವಳು ಕೊನೆಗೆ ಹಿಡಿದದ್ದು ಬಸ್ಸು ನಿಲ್ಲುವ ರಸ್ತೆಗೆ ಹತ್ತಿರದ ಕೋಣೆ. ಕಣಿವೆ ಕಾಣದು, ಕಿಟಕಿಯೆದುರು ಒಂದು ಹಲಸಿನ ಮರವಿದೆ. ಪಕ್ಕದಲ್ಲಿ ಇನ್ನಿಬ್ಬರು ವಿದ್ಯಾರ್ಥಿನಿಯರಿದ್ದಾರೆ. ಮೊದಲ ಮಳೆಯ ರಾತ್ರಿ ಕರೆಂಟು ಹೋದಾಗ ಮೂವರೂ ಒಂದೇ ಮೇಣದಬತ್ತಿಯ ಸುತ್ತ ಕುಳಿತು, ಹೊರಗಿನ ಕಪ್ಪೆಗಳ ಗದ್ದಲ ಕೇಳಿದರಂತೆ.

ಹಸಿರು ಬೇಕು, ಶಾಂತಿಯೂ ಬೇಕು. ಆದರೆ ಕೋಣೆ ಗೊತ್ತುಮಾಡುವ ಮುನ್ನ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಏಪ್ರಿಲ್‌ನಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ, ಕೂಗಿದರೆ ಕೇಳುವಷ್ಟು ಹತ್ತಿರ ಯಾರಿದ್ದಾರೆ ಎಂದು ವಿಚಾರಿಸಬೇಕು. ಅದಕ್ಕೂ ಮೊದಲು ಅಲ್ಲಿ ಇರಬೇಕಾದ ಮಗುವನ್ನೇ ಒಂದು ಮಾತು ಕೇಳಬೇಕು.