ಪಟ್ಟಿಯಲ್ಲಿಲ್ಲದ ಹೆಸರು

ಈ ಸ್ಮರಣ ಸಂಚಿಕೆಗೆ ನಾವೂ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಉಪಾಧ್ಯಾಯಿನಿಯರು ಕೇಳಿಕೊಂಡಿರುವರು. ಮುಖ್ಯೋಪಾಧ್ಯಾಯಿನಿಯಾದವಳು ಇಂಥ ಪುಟಗಳಲ್ಲಿ ಶಿಸ್ತು, ಸಮಯಪಾಲನೆ, ಪರೀಕ್ಷೆಯ ಫಲಿತಾಂಶ ಮುಂತಾದವುಗಳನ್ನು ಕುರಿತು ಬರೆಯುವುದು ವಾಡಿಕೆ. ಈ ಸಾರಿ ಆ ವಾಡಿಕೆಯನ್ನು ಬಿಟ್ಟು ಇಂಗ್ಲೆಂಡಿನ ಒಬ್ಬ ನಟಿಯ ವಿಷಯವನ್ನು ಬರೆಯಲು ಮನಸ್ಸು ಮಾಡಿದ್ದೇವೆ. ನಾಟಕ ಸಿನಿಮಾಗಳ ಮಾತು ನಮ್ಮಂಥವರಿಗೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಅದನ್ನು ಮೊದಲು ಹೇಳಿಬಿಡುವುದು ಲೇಸು.

ಕೆಲವು ವರ್ಷಗಳ ಹಿಂದೆ, ವಾರ್ಷಿಕೋತ್ಸವದ ನಾಟಕವು ಮುಗಿದ ಮಾರನೆಯ ದಿನ, ಹತ್ತನೆಯ ತರಗತಿಯ ಒಬ್ಬ ಹುಡುಗಿಯು ನಮ್ಮ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಹಿಂದಿನ ಸಂಜೆಯ ಕಾರ್ಯಕ್ರಮದ ಅಚ್ಚಿನ ಹಾಳೆಯಿತ್ತು. ಅದರಲ್ಲಿ ರಾಜ, ರಾಣಿ, ಮಂತ್ರಿ ಮೊದಲಾದ ಎಂಟು ಪಾತ್ರಗಳನ್ನು ವಹಿಸಿದವರ ಹೆಸರುಗಳೂ, ಅವುಗಳ ಕೆಳಗೆ ‘ಮತ್ತು ಇತರರು’ ಎಂಬ ಎರಡು ಪದಗಳೂ ಇದ್ದುವು. ಈ ಹುಡುಗಿಯು ಆ ಇತರರಲ್ಲಿ ಒಬ್ಬಳು. ನಾಲ್ಕು ವರ್ಷಗಳ ನಾಟಕಗಳಲ್ಲಿ ಅವಳು ಕ್ರಮವಾಗಿ ದ್ವಾರಪಾಲಕಳೂ, ದಾಸಿಯೂ, ಹಣ್ಣು ಮಾರುವ ಮುದುಕಿಯೂ, ಪುನಃ ದಾಸಿಯೂ ಆಗಿದ್ದಳು. “ಟೀಚರ್, ಇದರಲ್ಲಿ ನನ್ನ ಹೆಸರಿಲ್ಲ. ಅಮ್ಮನಿಗೆ ಏನು ತೋರಿಸಲಿ?” ಎಂದು ಕೇಳಿದಳು.

ನಾವು ಫೀಸಿನ ಲೆಕ್ಕವನ್ನು ನೋಡುತ್ತಿದ್ದೆವು. ತಲೆಯೆತ್ತದೆ, “ಹಾಳೆಯಲ್ಲಿ ಸ್ಥಳ ಸಾಲಲಿಲ್ಲಮ್ಮಾ, ಮುಂದಿನ ವರ್ಷ ನೋಡೋಣ” ಎಂದೆವು. ಅವಳು “ಆಗಲಿ ಟೀಚರ್” ಎಂದು ಹೊರಟುಹೋದಳು. ಹತ್ತನೆಯ ತರಗತಿಯವಳಿಗೆ ನಮ್ಮಲ್ಲಿ ಮುಂದಿನ ವರ್ಷವೆಂಬುದಿಲ್ಲವೆಂದು ನಮಗೆ ಹೊಳೆದದ್ದು ಲೆಕ್ಕವನ್ನು ಮುಗಿಸಿದ ತರುವಾಯ. ಆಗಲೂ ಅವಳನ್ನು ಕರೆಸಲಿಲ್ಲ. ಸಣ್ಣ ವಿಷಯವೆಂದು ಬಿಟ್ಟೆವು.

ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದೆವು. ಅಗಾಥಾ ಕ್ರಿಸ್ಟಿಯವರ ಪತ್ತೇದಾರಿ ಕಾದಂಬರಿಗಳನ್ನು ಆಧರಿಸಿ ಬಿ.ಬಿ.ಸಿ.ಯವರು ತಯಾರಿಸಿದ ‘ಮಿಸ್ ಮಾರ್ಪಲ್’ ದೂರದರ್ಶನ ಮಾಲೆಯನ್ನು ಅವಳು ತರಿಸಿಟ್ಟಿದ್ದಳು. ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯಲ್ಲಿ ವಾಸಿಸುವ ಅವಿವಾಹಿತ ವೃದ್ಧೆಯೊಬ್ಬಳು ಕೊಲೆಗಳ ರಹಸ್ಯವನ್ನು ಬಿಡಿಸುವ ಕಥೆಗಳವು. ಆ ವೃದ್ಧೆಯ ಪಾತ್ರವನ್ನು ವಹಿಸಿದ್ದವರು ಜೋನ್ ಹಿಕ್ಸನ್. ಅವರು ಕೂಗಾಡುವುದಿಲ್ಲ, ಕೈಬೀಸುವುದಿಲ್ಲ. ಉಲ್ಲನ್ ಹೆಣೆಯುತ್ತ ಮೂಲೆಯ ಕುರ್ಚಿಯಲ್ಲಿ ಕುಳಿತು, ಇತರರು ಆಡುವ ಮಾತುಗಳನ್ನು ಕೇಳುತ್ತಾರೆ. ಅಧಿಕಾರಿಯು ಏನಾದರೂ ತಪ್ಪು ಹೇಳಿದಾಗ ಕಡ್ಡಿಗಳು ಕ್ಷಣಮಾತ್ರ ನಿಲ್ಲುತ್ತವೆ, ಕಣ್ಣುಗಳು ಮೇಲೇಳುತ್ತವೆ. ಅಷ್ಟರಿಂದಲೇ ನೋಡುವವರ ಬೆನ್ನು ನೆಟ್ಟಗಾಗುತ್ತದೆ. ಇಪ್ಪತ್ತು ವರ್ಷ ತರಗತಿಗಳ ಮುಂದೆ ನಿಂತಿರುವ ನಮಗೆ, ಸದ್ದಿಲ್ಲದೆ ಸಭೆಯನ್ನು ವಶಪಡಿಸಿಕೊಳ್ಳುವ ಆ ವಿದ್ಯೆಯು ಎಷ್ಟು ಕಠಿನವೆಂಬುದು ಚೆನ್ನಾಗಿ ಗೊತ್ತು.

ಎರಡು ದಿನಗಳಾದ ಮೇಲೆ ತಂಗಿಯು ೧೯೬೧ರ ಹಳೆಯ ಚಲನಚಿತ್ರವೊಂದನ್ನು ಹಾಕಿದಳು. ಹೆಸರು ‘ಮರ್ಡರ್ ಶೀ ಸೆಡ್’. ಅದೂ ಮಿಸ್ ಮಾರ್ಪಲಳ ಕಥೆಯೇ. ಅದರ ನಾಯಕಿ ಆ ಕಾಲದ ಪ್ರಸಿದ್ಧ ಹಾಸ್ಯನಟಿ ಮಾರ್ಗರೆಟ್ ರುದರ್‌ಫರ್ಡ್. ಕಥೆ ನಡೆಯುವ ದೊಡ್ಡ ಮನೆಯಲ್ಲಿ ಕೆಲಸಕ್ಕಿರುವ ಮಿಸೆಸ್ ಕಿಡರ್ ಎಂಬ ಹೆಂಗಸು ಕಾಣಿಸಿಕೊಂಡಾಗ ತಂಗಿಯು, “ಅಕ್ಕಾ, ಇವರು ಅವರೇ ಅಲ್ಲವೇ?” ಎಂದಳು. ಹೌದು, ಹಿಕ್ಸನ್ನರೇ. ಇಪ್ಪತ್ತಮೂರು ವರ್ಷಗಳ ತರುವಾಯ ಯಾವ ಪಾತ್ರವು ಅವರದೆಂದು ಲೋಕವೆಲ್ಲ ಒಪ್ಪಿತೋ, ಆ ಪಾತ್ರವನ್ನು ಇನ್ನೊಬ್ಬರು ವಹಿಸುತ್ತಿರಲು ಅವರು ಪಕ್ಕದಲ್ಲಿ ಕೆಲಸದವಳಾಗಿ ನಿಂತಿದ್ದರು. ಆ ಕ್ಷಣ ನಮಗೆ ನಮ್ಮ ದಾಸಿಯ ನೆನಪಾಯಿತು. ಮನೆಗೆ ಮರಳಿದ ಮೇಲೆ ಈ ನಟಿಯ ಜೀವನವನ್ನು ಆಸಕ್ತಿಯಿಂದ ಓದಿದೆವು.

ಜೋನ್ ಹಿಕ್ಸನ್ ೧೯೦೬ನೆಯ ಇಸವಿಯಲ್ಲಿ ನಾರ್ದಾಂಪ್ಟನ್ನಿನ ಕಿಂಗ್ಸ್‌ಥಾರ್ಪಿನಲ್ಲಿ ಜನಿಸಿದರು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಎಂಬ ಶಾಲೆಯಲ್ಲಿ ತರಬೇತಿ ಹೊಂದಿ, ೧೯೨೭ರಲ್ಲಿ ರಂಗಭೂಮಿಗೆ ಬಂದರು. ೧೯೩೨ರಲ್ಲಿ ಒಬ್ಬ ವೈದ್ಯರನ್ನು ಮದುವೆಯಾದರು. ಇಬ್ಬರು ಮಕ್ಕಳ ತಾಯಿಯಾದರು. ೧೯೩೪ರಲ್ಲಿ ‘ಟ್ರಬಲ್ ಇನ್ ಸ್ಟೋರ್’ ಎಂಬುದರಲ್ಲಿ ಮೊದಲ ಬಾರಿಗೆ ತೆರೆಯ ಮೇಲೆ ಕಾಣಿಸಿಕೊಂಡರು. ಅಂದಿನಿಂದ ಐವತ್ತು ವರ್ಷ ಬ್ರಿಟಿಷ್ ಚಿತ್ರಗಳಲ್ಲಿಯೂ, ದೂರದರ್ಶನವು ಬಂದ ಮೇಲೆ ಅದರಲ್ಲಿಯೂ, ಅವರದು ಹೆಚ್ಚಾಗಿ ಸಣ್ಣ ಪಾತ್ರಗಳೇ. ೧೯೫೯ರ ‘ಕ್ಯಾರಿ ಆನ್ ನರ್ಸ್’ ಎಂಬ ಹಾಸ್ಯಚಿತ್ರದಲ್ಲಿ ಆಸ್ಪತ್ರೆಯ ಸಿಸ್ಟರ್. ಅದೇ ಮಾಲೆಯ ೧೯೬೧ರ ಚಿತ್ರದಲ್ಲಿ ಮೇಟ್ರನ್. ೧೯೬೩ರಲ್ಲಿ ಆರಂಭವಾದ ‘ಅವರ್ ಮ್ಯಾನ್ ಅಟ್ ಸೇಂಟ್ ಮಾರ್ಕ್ಸ್’ ಎಂಬ ದೂರದರ್ಶನ ಮಾಲೆಯಲ್ಲಿ ಪಾದ್ರಿಯ ಮನೆಯನ್ನು ನೋಡಿಕೊಳ್ಳುವವಳು. ನಾಯಕ ನಾಯಕಿಯರು ಬಾಗಿಲು ತಟ್ಟಿದರೆ ತೆರೆಯುವವರು, ಚಹಾ ತಂದಿಡುವವರು, ಒಂದು ಮಾತನ್ನಾಡಿ ಹಿಂದೆ ಸರಿಯುವವರು ಇವರೇ.

ಇಂಥ ಪಾತ್ರಗಳನ್ನು ನಮ್ಮ ಭಾಷೆಯಲ್ಲಿ ಪೋಷಕ ಪಾತ್ರಗಳೆನ್ನುವರು. ಆ ಪದವು ಬಹಳ ಸಮಂಜಸವಾದುದು. ಕಥೆಯನ್ನು ಸಾಕುವುದು ಈ ಪಾತ್ರಗಳೇ. ಮನೆಯ ಕೆಲಸದವಳು ನಿಜವಾಗಿ ಕೆಲಸದವಳಂತೆ ತೋರದಿದ್ದರೆ ಆ ಮನೆಯನ್ನೂ ನಂಬುವವರಿಲ್ಲ, ಅದರ ಯಜಮಾನಿಯನ್ನೂ ನಂಬುವವರಿಲ್ಲ. ನಾಯಕಿಗಾದರೂ ತನ್ನ ಗುಣವನ್ನು ತೋರಿಸಲು ಎರಡು ಗಂಟೆಗಳ ಅವಕಾಶವಿದೆ. ಪೋಷಕ ನಟಿಗೆ ಎರಡೇ ನಿಮಿಷ. ಅಷ್ಟರಲ್ಲಿ ನಡಿಗೆ, ಸೆರಗು, ಧ್ವನಿ ಎಲ್ಲವೂ ಒಂದು ಜೀವಮಾನವನ್ನು ಹೇಳಬೇಕು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂದು ಗಾದೆಯಲ್ಲಿ ನಾರನ್ನು ಹಗುರವಾಗಿ ಕಾಣುತ್ತೇವೆ. ನಾರಿಲ್ಲದೆ ಯಾವ ಹೂವೂ ಮಾಲೆಯಾಗದೆಂಬುದನ್ನು ಮರೆಯುತ್ತೇವೆ.

ಎಲ್ಲರೂ ಮರೆಯಲಿಲ್ಲ. ಕಳೆದ ಶತಮಾನದ ನಾಲ್ವತ್ತರ ದಶಕದಲ್ಲಿ, ಅಗಾಥಾ ಕ್ರಿಸ್ಟಿಯವರ ‘ಅಪಾಯಿಂಟ್‌ಮೆಂಟ್ ವಿತ್ ಡೆತ್’ ಎಂಬ ನಾಟಕದಲ್ಲಿ ಹಿಕ್ಸನ್ ಒಂದು ಉಪಪಾತ್ರವನ್ನು ವಹಿಸಿದ್ದರು. ಅದನ್ನು ನೋಡಿದ ಕ್ರಿಸ್ಟಿಯವರು, ಎಂದಾದರೊಂದು ದಿನ ತಮ್ಮ ಮಿಸ್ ಮಾರ್ಪಲಳ ಪಾತ್ರವನ್ನು ಈಕೆ ವಹಿಸಬೇಕೆಂಬ ಆಸೆಯನ್ನು ಚೀಟಿಯಲ್ಲಿ ಬರೆದು ಕಳುಹಿಸಿದರು. ಆಗ ಹಿಕ್ಸನ್ನರಿಗೆ ಸುಮಾರು ನಾಲ್ವತ್ತು ವರ್ಷ, ಹೆಚ್ಚು ಕಡಿಮೆ ನಮ್ಮ ಈಗಿನ ವಯಸ್ಸು. ಆ ದಿನ ಬರಲು ಮತ್ತೆ ನಾಲ್ವತ್ತು ವರ್ಷಗಳು ಹಿಡಿದುವು. ಕ್ರಿಸ್ಟಿಯವರು ೧೯೭೬ರಲ್ಲಿ ತೀರಿಕೊಂಡುದರಿಂದ ಅದನ್ನು ನೋಡಲೇ ಇಲ್ಲ.

ಈ ನಡುವೆ ಹಿಕ್ಸನ್ ಸುಮ್ಮನೆ ಕಾಯುತ್ತಲೂ ಕುಳಿತಿರಲಿಲ್ಲ. ‘ಬೆಡ್‌ರೂಮ್ ಫಾರ್ಸ್’ ಎಂಬ ನಾಟಕದಲ್ಲಿ ಅಭಿನಯಿಸಿ ೧೯೭೯ರಲ್ಲಿ ಅಮೆರಿಕದ ಟೋನಿ ಪ್ರಶಸ್ತಿಯನ್ನು ಪಡೆದರು. ಆಗ ಅವರ ವಯಸ್ಸು ೭೨. ಪ್ರಶಸ್ತಿಯು ಪೋಷಕ ಪಾತ್ರಕ್ಕೆ ಸಂದದ್ದೇ. ೧೯೮೧ರಲ್ಲಿ ಡಿಕನ್ಸ್ ಮಹಾಶಯರ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಕಥೆಯನ್ನು ಬಿ.ಬಿ.ಸಿ.ಯವರು ತೋರಿಸಿದಾಗ, ಮದುವೆಯ ದಿನ ವಂಚಿತಳಾಗಿ ಅದೇ ಉಡುಪಿನಲ್ಲಿ ಮುದುಕಿಯಾದ ಮಿಸ್ ಹ್ಯಾವಿಶಮ್ ಆದರು. ಕಡೆಗೆ ೧೯೮೪ನೆಯ ಡಿಸೆಂಬರ್ ೨೬ರಂದು ಮಿಸ್ ಮಾರ್ಪಲ್ ಮಾಲೆಯ ಮೊದಲ ಕಥೆಯಾದ ‘ದ ಬಾಡಿ ಇನ್ ದ ಲೈಬ್ರರಿ’ ಪ್ರಸಾರವಾಯಿತು. ಅವರಿಗೆ ೭೮ ವರ್ಷಗಳಾಗಿದ್ದುವು. ೧೯೯೨ರ ಹೊತ್ತಿಗೆ ಆ ಪಾತ್ರದ ಹನ್ನೆರಡು ಕಾದಂಬರಿಗಳೂ ಮುಗಿದುವು. ಅವುಗಳಲ್ಲೊಂದು, ೧೯೬೧ರಲ್ಲಿ ತಾವು ಕೆಲಸದವಳಾಗಿದ್ದ ಅದೇ ಕಥೆ. ೧೯೮೭ರಲ್ಲಿ ಅವರಿಗೆ ಓ.ಬಿ.ಇ. ಎಂಬ ಗೌರವವು ದೊರೆಯಿತು. ೧೯೯೮ರಲ್ಲಿ ೯೨ನೆಯ ವಯಸ್ಸಿನಲ್ಲಿ ಕಾಲವಾದರು.

ಅಷ್ಟು ವರ್ಷ ಬದಿಯಲ್ಲಿ ನಿಂತುದೇ ಅವರಿಗೆ ಈ ಪಾತ್ರವನ್ನು ಕಲಿಸಿತೆಂದು ನಮಗೆ ತೋರುತ್ತದೆ. ಮಿಸ್ ಮಾರ್ಪಲಳ ಬಲವೇನು? ಮುದುಕಿಯೆಂದು ಆಕೆಯನ್ನು ಯಾರೂ ಲಕ್ಷಿಸುವುದಿಲ್ಲ. ಆದುದರಿಂದ ಎಲ್ಲರೂ ಆಕೆಯ ಮುಂದೆ ಮಾತನಾಡಿಬಿಡುವರು, ಆಕೆಯು ಎಲ್ಲವನ್ನೂ ಕಾಣುವಳು. ಐವತ್ತು ವರ್ಷ ಚಹಾದ ತಟ್ಟೆಯನ್ನು ಹಿಡಿದು ನಿಂತವರಿಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು?

ಆದರೆ ಇಲ್ಲಿ ಎಚ್ಚರಿಕೆಯ ಒಂದು ಮಾತನ್ನು ಹೇಳಬೇಕು. “ತಾಳಿದವನು ಬಾಳಿಯಾನು” ಎಂಬ ನೀತಿಯನ್ನು ಮಾತ್ರ ಇದರಿಂದ ತೆಗೆದು ನಮ್ಮ ಹುಡುಗಿಯರಿಗೆ ಕೊಡಲು ನಾವು ಒಲ್ಲೆವು. ಸಣ್ಣ ಪಾತ್ರಗಳನ್ನು ವಹಿಸಿದವರಲ್ಲಿ ಅನೇಕರಿಗೆ ೭೮ನೆಯ ವಯಸ್ಸಿನಲ್ಲಿಯೂ ಕರೆ ಬರುವುದಿಲ್ಲ. ಹಿಕ್ಸನ್ನರಿಗೂ ಬರದೆ ಹೋಗಬಹುದಾಗಿತ್ತು. ಬರದಿದ್ದರೆ ಮಿಸೆಸ್ ಕಿಡರಳ ಪಾತ್ರದ ಬೆಲೆಯು ಕಡಿಮೆಯಾಗುತ್ತಿತ್ತೇ? ಆ ಪಾತ್ರವು ಅಂದೂ ಚೆನ್ನಾಗಿಯೇ ಇತ್ತು. ನೋಡುವ ಕಣ್ಣು ನಮ್ಮಲ್ಲಿರಲಿಲ್ಲ, ಅಷ್ಟೆ. ಮುಂದೆ ದೊಡ್ಡವಳಾಗುವಳೆಂದು ಮಗುವಿನ ಹೆಸರನ್ನು ಬರೆಯಬೇಕಾಗಿಲ್ಲ. ಮಾಡಿದ ಕೆಲಸಕ್ಕೆ ಹೆಸರನ್ನು ಬರೆಯತಕ್ಕದ್ದು.

ರಜೆ ಮುಗಿಸಿ ಬಂದ ದಿನ ಆ ಹುಡುಗಿಗೆ ನಾಲ್ಕು ಮಾತು ಹೇಳಬೇಕೆಂದುಕೊಂಡೆವು. ಜವಾನನನ್ನು ಕರೆದು, ಇಂಥವಳನ್ನು ಕರೆದುಕೊಂಡು ಬಾ ಎನ್ನಲು ಹೋದಾಗ ಅವಳ ಹೆಸರು ನಾಲಿಗೆಗೆ ಬರಲಿಲ್ಲ. ನಾಲ್ಕು ವರ್ಷಗಳ ವೇಷಗಳೆಲ್ಲ ನೆನಪಿದ್ದುವು. ಹಣ್ಣು ಮಾರುವ ಮುದುಕಿಯಾಗಿ ಅವಳು ಸೊಂಟಕ್ಕೆ ಕೈಯಿಟ್ಟು ಬುಟ್ಟಿಯನ್ನು ಇಳಿಸಿದ ರೀತಿಯೂ, ಅದನ್ನು ಕಂಡು ಹಿಂದಿನ ಬೆಂಚಿನ ತಾಯಂದಿರು ನಕ್ಕುದೂ ಕಣ್ಣಿಗೆ ಕಟ್ಟಿದಂತಿತ್ತು. ಹೆಸರಿಗೆ ಮಾತ್ರ ಹಾಜರಿ ಪುಸ್ತಕವನ್ನು ತರಿಸಬೇಕಾಯಿತು. ನಾಚಿಕೆಯಾಯಿತೆಂದು ಬರೆಯಲು ಸಂಕೋಚಪಡುವುದಿಲ್ಲ.

ಅವಳು ಬಂದಳು. “ಹೋದ ತಿಂಗಳು ನೀನು ಕೇಳಿದ್ದು ಸರಿ, ನಾವು ಹೇಳಿದ್ದು ತಪ್ಪು” ಎಂದೆವು. ಅವಳ ಹಾಳೆಯಲ್ಲಿ ‘ಮತ್ತು ಇತರರು’ ಎಂಬುದನ್ನು ಹೊಡೆದು, ದಾಸಿ ಎಂದು ಬರೆದು, ಮುಂದೆ ಅವಳ ಪೂರ್ಣ ಹೆಸರನ್ನು ನಮ್ಮ ಕೈಯಿಂದಲೇ ಬರೆದು ರುಜು ಹಾಕಿದೆವು. ಅಮ್ಮನಿಗೆ ತೋರಿಸಿದಳೋ ಇಲ್ಲವೋ, ನಾವು ಕೇಳಲಿಲ್ಲ. ತಡವಾಗಿ ಕೊಟ್ಟುದಕ್ಕೆ ರಶೀತಿ ಕೇಳುವ ಅಧಿಕಾರ ನಮಗಿರಲಿಲ್ಲ.

ಅಂದಿನಿಂದ ನಮ್ಮ ನಾಟಕದ ಪಟ್ಟಿಯಲ್ಲಿ ‘ಇತರರು’ ಎಂಬ ಪದವನ್ನು ಅಚ್ಚುಹಾಕಿಸಿಲ್ಲ. ಈ ಸಂಚಿಕೆಯ ಕಡೆಯ ಪುಟಗಳಲ್ಲಿ ಈ ವರ್ಷದ ನಾಟಕದ ಮೂವತ್ತೊಂದು ಹೆಸರುಗಳಿವೆ. ತೆರೆಯನ್ನು ಎಳೆದ ಇಬ್ಬರ ಹೆಸರುಗಳೂ ಅವುಗಳಲ್ಲಿ ಸೇರಿವೆ. ಅಕ್ಷರಗಳು ಸ್ವಲ್ಪ ಸಣ್ಣವಾಗಿರುವುದಕ್ಕೆ ವಾಚಕರು ಮನ್ನಿಸಬೇಕು. ಹಾಳೆಯಲ್ಲಿ ಸ್ಥಳವು ಈಗಲೂ ಅಷ್ಟೇ ಇರುವುದು.