ಸರಹದ್ದು ದಾಟಿದ ಕಮ್ಮಾರ

ಹಮಾಲ, ದಲಾಲ, ಸರಾಫ, ಹಜಾಮ—ಈ ನಾಲ್ಕು ಮಾತುಗಳನ್ನು ಅರಿಯದ ಕನ್ನಡಿಗನು ವಿರಳ. ಮಂಡಿಯಲ್ಲಿ ಮೂಟೆ ಹೊರುವವನು ಹಮಾಲ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ಇಬ್ಬರಿಂದಲೂ ಕಾಸು ಪಡೆಯುವವನು ದಲಾಲ. ಬೆಳ್ಳಿ ಬಂಗಾರದ ಸರಾಫನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ನಾಲ್ಕನೆಯ ಮಾತು ಮೂಲದಲ್ಲಿ, ಕೊಂಬು ಹಚ್ಚಿ ಕೆಟ್ಟ ರಕ್ತವನ್ನು ತೆಗೆಯುತ್ತಿದ್ದ ಒಂದು ಬಗೆಯ ವೈದ್ಯನ ಹೆಸರು. ಕನ್ನಡದಲ್ಲಿ ಅದು ಬರಬರುತ್ತ ಬೈಗುಳಾಗಿ ಇಳಿದು, ಇಂದು ಆ ವೃತ್ತಿಯವರು ಕೇಳಲೊಲ್ಲದ ಮಾತಾಗಿದೆ.

ಇವೆಲ್ಲವೂ ಅರಬ್ಬಿಯ ಒಂದೇ ಅಚ್ಚಿನಲ್ಲಿ ಎರೆದು ತೆಗೆದ ಪದಗಳು. ಮೂರು ವ್ಯಂಜನಗಳ ಧಾತುವೊಂದನ್ನು ತೆಗೆದುಕೊಂಡು, ನಡುವಣ ವ್ಯಂಜನವನ್ನು ಇಮ್ಮಡಿಸಿ, ಅದಕ್ಕೆ ದೀರ್ಘ ಆಕಾರವನ್ನು ಕೊಟ್ಟರೆ, ಆ ಕೆಲಸವನ್ನೇ ಕಸುಬಾಗಿ ಉಳ್ಳವನೆಂಬ ಅರ್ಥ ಬರುತ್ತದೆ. ಹಮ್ಮಾಲ್, ದಲ್ಲಾಲ್, ಸರ್ರಾಫ್, ಹಜ್ಜಾಮ್ ಎಂದು ಅರಬರು ಒತ್ತಿ ಉಚ್ಚರಿಸುವುದನ್ನು ಕನ್ನಡದ ನಾಲಗೆ ಸಡಿಲಿಸಿಕೊಂಡಿದೆ, ಅಷ್ಟೆ. ಸುಗಂಧ ಮಾರುವವನು ಅತ್ತಾರ್—ಉತ್ತರ ಕರ್ನಾಟಕದಲ್ಲಿ ಈ ಅಡ್ಡಹೆಸರಿನ ಮನೆತನಗಳು ಇಂದಿಗೂ ಉಂಟು. ಬಡಗಿಯು ನಜ್ಜಾರ್, ದರ್ಜಿಯು ಖಯ್ಯಾತ್. ‘ಹದೀದ್’ ಎಂದರೆ ಕಬ್ಬಿಣ. ಕಬ್ಬಿಣವನ್ನು ಬಡಿಯುವವನು ಹದ್ದಾದ್.

ಮೊರಾಕ್ಕೊದಿಂದ ಇಂಡೊನೇಷ್ಯದವರೆಗೆ, ಅಲ್ಲಿಂದಾಚೆ ಬ್ರೆಜಿಲ್ಲಿನವರೆಗೆ, ಈ ಹದ್ದಾದ್ ಎಂಬ ಅಡ್ಡಹೆಸರು ಹರಡಿಕೊಂಡಿರುವ ಬಗೆ ಸೋಜಿಗದ್ದು. ಅದನ್ನು ಹೊತ್ತವರಲ್ಲಿ ಮುಸಲ್ಮಾನರುಂಟು, ಕ್ರೈಸ್ತರುಂಟು, ಯಹೂದ್ಯರುಂಟು. ಆದರೆ ಅವರನ್ನು ಒಂದೇ ವಂಶವೃಕ್ಷದ ಕೊಂಬೆಗಳೆಂದು ಎಣಿಸುವುದು, ಕನ್ನಡ ನಾಡಿನ ಕಮ್ಮಾರರೆಲ್ಲರೂ ಒಬ್ಬ ಅಜ್ಜನ ಮೊಮ್ಮಕ್ಕಳೆಂದಂತೆ. ಊರಿಗೊಂದು ಕುಲುಮೆ ಇದ್ದಿತು. ಕುಲುಮೆಗೊಬ್ಬ ಹದ್ದಾದ್ ಇದ್ದನು.

ಧಾತುವಿನ ಕಥೆಯೂ ಸ್ವಾರಸ್ಯವಾದುದೇ. ‘ಹದ್ದ್’ ಎಂದರೆ ಎಲ್ಲೆ, ಅಂಚು, ಹರಿತ. ಕನ್ನಡದ ‘ಸರಹದ್ದು’, ‘ಹದ್ದುಬಸ್ತು’, ‘ಹದ್ದು ಮೀರಿದ ಮಾತು’ ಇವುಗಳಲ್ಲಿರುವುದು ಈ ಅರಬ್ಬಿ ಹದ್ದೇ ಹೊರತು ಆಕಾಶದಲ್ಲಿ ಗಿರಕಿ ಹೊಡೆಯುವ ಪಕ್ಷಿಯಲ್ಲ. ಎಲ್ಲೆಯನ್ನು ಕಾಯುವವನೆಂಬ ಅರ್ಥದಲ್ಲಿ ಹಳೆಯ ಅರಬ್ಬಿ ನಿಘಂಟುಗಳು ಬಾಗಿಲು ಕಾಯುವವನನ್ನೂ ಸೆರೆಮನೆಯ ಕಾವಲುಗಾರನನ್ನೂ ಹದ್ದಾದ್ ಎಂದು ಕರೆದಿವೆ. ಇನ್ನು, ಪ್ರಾಚೀನ ಸಿರಿಯದ ಗುಡುಗು ಮಳೆಗಳ ದೇವತೆಯಾದ ಹದದನಿಂದ ಈ ಹೆಸರು ಬಂದಿತೆಂದು ಹೇಳಲು ಕೆಲವರಿಗೆ ಆಸೆ. ದೇವತೆಯ ಹಕಾರ ಬೇರೆ, ಕಮ್ಮಾರನ ಹಕಾರ ಬೇರೆ. ಎರಡನೆಯದು ಗಂಟಲಿನ ಆಳದಿಂದ ಬರುವಂಥದು. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಿರುವುದರಿಂದ ಇಲ್ಲಿಯ ಓದುಗನು ಆ ಭ್ರಮೆಗೆ ಒಳಗಾದರೆ ಕ್ಷಮ್ಯ. ಅರಬ್ಬಿ ಬಲ್ಲವನು ಒಳಗಾದರೆ ಅಲ್ಲ.

ಅರಬರ ಕಬ್ಬಿಣದ ಮಾತೆತ್ತಿದ ಮೇಲೆ ದಕ್ಷಿಣ ಭಾರತವನ್ನು ನೆನೆಯದೆ ಮುಂದುವರಿಯುವಂತಿಲ್ಲ. ಅರಬ್ಬಿ ಕಾವ್ಯದಲ್ಲಿ ಒಳ್ಳೆಯ ಖಡ್ಗಕ್ಕೆ ‘ಮುಹನ್ನದ್’ ಎಂದು ಹೆಸರು. ಹಿಂದ್ ದೇಶದ ಉಕ್ಕಿನಿಂದ ಆದುದು ಎಂದು ಅದರ ಅರ್ಥ. ಇಂದಿಗೂ ಅರಬರು ಗಂಡುಮಕ್ಕಳಿಗೆ ಆ ಹೆಸರನ್ನಿಡುತ್ತಾರೆ. ಮೂಸೆಯಲ್ಲಿ ಕರಗಿಸಿದ ಆ ಉಕ್ಕಿನ ಗಟ್ಟಿಗಳು ಹಡಗುಗಳಲ್ಲಿ ಪಶ್ಚಿಮಕ್ಕೆ ಸಾಗುತ್ತಿದ್ದುವು. ಇಂಗ್ಲಿಷರು 18ನೆಯ ಶತಮಾನದ ಕೊನೆಯಲ್ಲಿ ಅದನ್ನು ‘ವೂಟ್ಸ್’ ಎಂದು ಕರೆದರು. ಅದು ‘ಉಕ್ಕು’ ಎಂಬ ಮಾತಿನ ವಿಕಾರವೆಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಂಥ ಉಕ್ಕಿನ ಕುಲುಮೆಗಳನ್ನು ಕಂಡು ವರ್ಣಿಸಿದ್ದಾನೆ. ಹೀಗೆ ದೂರದ ಹದ್ದಾದನ ಅಡಿಗಲ್ಲಿನ ಮೇಲೆ ಈ ನೆಲದ ಉಕ್ಕೂ ಸುತ್ತಿಗೆಯ ಪೆಟ್ಟನ್ನು ತಿಂದಿರಬೇಕು.

ಖಡ್ಗವನ್ನು ಹಾಡಿದ ಅರಬ ಕವಿಗಳು ಖಡ್ಗವನ್ನು ಮಾಡಿದವನನ್ನು ಮಾತ್ರ ಹಾಡಲಿಲ್ಲ. ಮರುಭೂಮಿಯ ಬುಡಕಟ್ಟಿನವರಿಗೆ ಒಂಟೆ ಮೇಯಿಸುವುದು, ಕೊಳ್ಳೆ ಹೊಡೆಯುವುದು ಘನತೆಯ ಕೆಲಸ. ಕುಳಿತು ಕೈಕೆಲಸ ಮಾಡುವುದು ಹೀನ. ಕಮ್ಮಾರನಿಗಿದ್ದ ಇನ್ನೊಂದು ಹಳೆಯ ಹೆಸರಾದ ‘ಕಯ್ನ್’ ಎಂಬುದು ಬೈಗುಳೇ ಆಗಿದ್ದಿತು. ಉಮಯ್ಯರ ಕಾಲದ ಮಹಾಕವಿಗಳಾದ ಜರೀರ್ ಮತ್ತು ಫರಜ್ದಕ್ ಇವರು ಸುಮಾರು ನಲವತ್ತು ವರ್ಷ ಪರಸ್ಪರ ನಿಂದೆಯ ಪದ್ಯಗಳನ್ನು ರಚಿಸುತ್ತ ಕಾದಾಡಿದರಷ್ಟೆ. ಫರಜ್ದಕನ ತಾತನಲ್ಲಿ ಕಮ್ಮಾರ ಗುಲಾಮರಿದ್ದರೆಂಬ ಒಂದು ಸಂಗತಿಯೇ ಜರೀರನಿಗೆ ಸಾಕಾಯಿತು. ಎದುರಾಳಿಯನ್ನು ಕಮ್ಮಾರನ ಮಗನೆಂದು ಕರೆಕರೆದು ಅವನು ದಣಿಯಲಿಲ್ಲ, ಕೇಳಿದವರು ನಕ್ಕು ದಣಿಯಲಿಲ್ಲ. ಆ ತಾತನು, ಜೀವಂತ ಹೂಳಲಿದ್ದ ಹೆಣ್ಣು ಶಿಶುಗಳನ್ನು ಹಣ ಕೊಟ್ಟು ಬಿಡಿಸುತ್ತಿದ್ದ ಪುಣ್ಯಾತ್ಮನೆಂದು ಪ್ರಸಿದ್ಧನಾಗಿದ್ದನು. ಕುಲುಮೆಯ ಮಸಿಯ ಮುಂದೆ ಅದು ಯಾವ ಲೆಕ್ಕಕ್ಕೂ ಬರಲಿಲ್ಲ.

ಧರ್ಮದ ದೃಷ್ಟಿ ಹೀಗಿರಲಿಲ್ಲ. ಕುರಾನಿನ 57ನೆಯ ಅಧ್ಯಾಯದ ಹೆಸರೇ ಕಬ್ಬಿಣ. ಪ್ರವಾದಿ ದಾವೂದರಿಗೆ ಕಬ್ಬಿಣವನ್ನು ಮೃದುವಾಗಿಸಿ ಕೊಟ್ಟ ಪ್ರಸಂಗವೂ ಅಲ್ಲಿ ಬರುತ್ತದೆ. ಇಸ್ಲಾಮನ್ನು ಮೊಟ್ಟಮೊದಲು ಒಪ್ಪಿದ ಕೆಲವೇ ಮಂದಿಯಲ್ಲಿ ಮೆಕ್ಕಾದ ಖಡ್ಗ ಮಾಡುವ ಗುಲಾಮ ಖಬ್ಬಾಬನು ಒಬ್ಬನು. 9ನೆಯ ಶತಮಾನದಲ್ಲಿ ನಿಶಾಪುರದ ಸೂಫಿ ಅಬೂ ಹಫ್ಸ್ ಅಲ್-ಹದ್ದಾದನು ನಿಜವಾಗಿಯೂ ಕಮ್ಮಾರನಾಗಿದ್ದನು. ಬೀದಿಯಲ್ಲಿ ಕುರುಡನೊಬ್ಬನು ಕುರಾನ್ ಪಠಿಸುತ್ತಿದ್ದುದನ್ನು ಕೇಳಿ ಮೈಮರೆತು, ಇಕ್ಕಳವನ್ನು ಬಿಟ್ಟು ಬರಿಗೈಯನ್ನೇ ಬೆಂಕಿಗಿಟ್ಟು ಕೆಂಡದಂತಹ ಕಬ್ಬಿಣವನ್ನು ಹೊರತೆಗೆದನಂತೆ. ಅದನ್ನು ಕಂಡು ಕೂಗಿಕೊಂಡವರು ಅವನ ಕೆಲಸದ ಹುಡುಗರು. ಕಸುಬಿನ ಹೆಸರನ್ನೇ ಮುಂದಿಟ್ಟುಕೊಂಡು ನಡೆದ ಕಲ್ಯಾಣದ ಶರಣರನ್ನು ಬಲ್ಲವರಿಗೆ ಇಂಥ ಹೆಸರು ವಿಚಿತ್ರವೆನಿಸದು.

ಆದರೆ ಅಬೂ ಹಫ್ಸನ ಕಾಲಕ್ಕೆ ಹದ್ದಾದ್ ಎಂಬುದು ವ್ಯಕ್ತಿಯ ವಿಶೇಷಣ, ಮನೆತನದ ಹೆಸರಲ್ಲ. ಇಂಥವನು, ಇಂಥವನ ಮಗ, ಇಂಥ ಊರಿನವನು—ಅರಬರ ಹೆಸರು ಹೀಗೆ ಸರಪಳಿಯಾಗಿ ಸಾಗುತ್ತಿದ್ದಿತು. ವಿಶೇಷಣವು ಗಟ್ಟಿಯಾಗಿ ಅಡ್ಡಹೆಸರಾದುದು ಊರಿನ ರೂಢಿಯಿಂದ ಸ್ವಲ್ಪ, ಸರಕಾರದ ದಫ್ತರಿನಿಂದ ಬಹಳ. ಮೊಮ್ಮಗನು ಬಟ್ಟೆಯಂಗಡಿ ತೆರೆದರೂ, ಪಾದ್ರಿಯಾದರೂ, ತಾತನ ಸುತ್ತಿಗೆ ಅವನ ಹೆಸರಿನಲ್ಲಿ ಉಳಿದುಹೋಯಿತು. ಪ್ಯಾಲೆಸ್ಟೈನಿನ ರಾಮಲ್ಲಾ ಪಟ್ಟಣದವರು ತಮ್ಮ ಊರಿನ ಮೂಲವನ್ನೇ ಒಬ್ಬ ಕಮ್ಮಾರನಿಗೆ ಒಪ್ಪಿಸುತ್ತಾರೆ. 16ನೆಯ ಶತಮಾನದಲ್ಲಿ ಜೋರ್ಡಾನ್ ನದಿಯ ಆಚೆಯಿಂದ ರಶೀದ್ ಹದ್ದಾದೀನ್ ಎಂಬ ಕ್ರೈಸ್ತನು ಮಕ್ಕಳೊಡನೆ ವಲಸೆ ಬಂದು, ಕುಲುಮೆಗೆ ಬೇಕಾದ ಕಟ್ಟಿಗೆ ಅಲ್ಲಿ ಹೇರಳವಾಗಿದ್ದುದನ್ನು ಕಂಡು ನೆಲೆಸಿದನೆಂದು ಅವರ ಐತಿಹ್ಯ. ಟ್ಯುನಿಸಿಯದ ಜೆರ್ಬಾ ದ್ವೀಪದಲ್ಲಿ ಅದೇ ಹೆಸರು ಯಹೂದಿ ಮನೆತನಗಳದು. ಅವರಲ್ಲಿ ರಬ್ಬಿಗಳೂ ಆಗಿಹೋದರು. 20ನೆಯ ಶತಮಾನದ ನಡುವಿನಲ್ಲಿ ಆ ಯಹೂದ್ಯರು ಬಹುಪಾಲು ಇಸ್ರೇಲಿಗೂ ಫ್ರಾನ್ಸಿಗೂ ತೆರಳಿದರು, ಹೆಸರೂ ಜೊತೆಗೆ ಹೋಯಿತು.

ಹದ್ದಾದರಲ್ಲೆಲ್ಲ ಅತ್ಯಂತ ವಿಲಕ್ಷಣವಾದ ಮನೆತನವೆಂದರೆ ಯೆಮನ್ ದೇಶದ ಹದ್ರಮೌತ್ ಕಣಿವೆಯ ತರೀಮ್ ಊರಿನದು. ಇವರು ಪ್ರವಾದಿಯ ವಂಶದ ಸಯ್ಯದರು. ಕುಲುಮೆಗೂ ಇವರಿಗೂ ಸಂಬಂಧವಿಲ್ಲ. ಪೂರ್ವಿಕನೊಬ್ಬನು ತನ್ನ ಕುಲದ ದೊಡ್ಡಸ್ತಿಕೆಯನ್ನು ಮರೆಸಿಕೊಂಡು ಕಮ್ಮಾರನ ಅಂಗಡಿಯಲ್ಲಿ ಸದಾ ಕುಳಿತಿರುತ್ತಿದ್ದನೆಂದೂ, ಅದರಿಂದ ಈ ಹೆಸರು ಅಂಟಿತೆಂದೂ ಹೇಳುವರು. ಇತರರಿಗೆ ಬೈಗುಳಾಗಿದ್ದುದನ್ನು ಸಯ್ಯದನೊಬ್ಬನು ಬೇಕೆಂದು ಹೊದ್ದುಕೊಂಡನೆಂಬುದೇ ಇದರ ಸೊಗಸು. ಈ ಮನೆತನದ ಇಮಾಮ್ ಅಬ್ದುಲ್ಲಾ ಅಲ್-ಹದ್ದಾದರು (1634–1720) ಬಾಲ್ಯದಲ್ಲಿಯೇ ಸಿಡುಬಿನಿಂದ ಕಣ್ಣು ಕಳೆದುಕೊಂಡವರು. ಅವರು ಸಂಕಲಿಸಿದ ಪ್ರಾರ್ಥನಾಮಾಲೆ ‘ರಾತೀಬ್ ಅಲ್-ಹದ್ದಾದ್’ ಹದ್ರಮೌತಿನ ವರ್ತಕರೊಡನೆಯೂ ಗುರುಗಳೊಡನೆಯೂ ಹಿಂದೂ ಮಹಾಸಾಗರದ ತೀರಗಳಿಗೆಲ್ಲ ಹಬ್ಬಿತು. ಮಲಬಾರಿನಲ್ಲಿ ಅದು ಮನೆಮಾತು. ದಕ್ಷಿಣ ಕನ್ನಡದ ಬ್ಯಾರಿ ಮನೆಗಳಲ್ಲಿಯೂ ಮಸೀದಿಗಳಲ್ಲಿಯೂ ಇಂದಿಗೂ ಪಠಿತವಾಗುತ್ತದೆ. ಮಂಗಳೂರಿನ ಬಾಲಕನ ಕಿವಿಗೆ ಹದ್ದಾದ್ ಎಂಬ ಶಬ್ದ ಬಿದ್ದಿದ್ದರೆ ಅದು ಈ ದಾರಿಯಿಂದಲೇ. ಇದೇ ಮನೆತನದ ಅಲವಿ ಬಿನ್ ತಾಹಿರ್ ಅಲ್-ಹದ್ದಾದರು (1884–1962) ಮಲಯದ ಜೋಹೋರ್ ರಾಜ್ಯದ ಮುಫ್ತಿಯಾಗಿದ್ದರು.

ಈ ಹೆಸರು ಸಾಗಿದುದು ವ್ಯಾಪಾರದ ಹಡಗಿನಲ್ಲಿ ಮಾತ್ರವಲ್ಲ, ಸೆರೆಯಾಳುಗಳ ಹಡಗಿನಲ್ಲಿಯೂ ಹೌದು. ಅಲ್ಜೀರಿಯದ ಕಬೀಲಿಯ ಬೆಟ್ಟಸೀಮೆಯ ಸದ್ದೂಕ್ ಗ್ರಾಮದಲ್ಲಿ ಕಮ್ಮಾರರ ಮನೆತನವೊಂದು ರಹ್ಮಾನಿಯಾ ಸೂಫಿ ಪಂಥದ ಗುರುಪೀಠಕ್ಕೆ ಏರಿದ್ದಿತು. 1871ರ ಏಪ್ರಿಲ್ 8ರಂದು ಆ ಪೀಠದ ವೃದ್ಧ ಶೇಖ್ ಅಲ್-ಹದ್ದಾದರು ಫ್ರೆಂಚರ ಮೇಲೆ ಯುದ್ಧ ಸಾರಿದರು. ಕೈಯ ಊರುಗೋಲನ್ನು ಜನರ ನಡುವೆ ಎಸೆದು, ಇದರಂತೆಯೇ ಫ್ರೆಂಚರನ್ನು ಕಡಲಿಗೆ ಎಸೆಯುವೆವೆಂದರಂತೆ. ಕಬೀಲಿಯವೆಲ್ಲ ಎದ್ದಿತು, ಕೆಲವೇ ತಿಂಗಳಲ್ಲಿ ಸೋತಿತು. 1873ರಲ್ಲಿ ಶಿಕ್ಷೆಯಾದ ಕೆಲವು ದಿನಗಳಲ್ಲಿಯೇ ಶೇಖರು ಕಾನ್‌ಸ್ಟಂಟೀನಿನ ಸೆರೆಮನೆಯಲ್ಲಿ ಕಣ್ಣುಮುಚ್ಚಿದರು. ಅವರ ಮಗ ಅಜೀಜನನ್ನು ಭೂಗೋಳದ ಇನ್ನೊಂದು ಮಗ್ಗುಲಿನಲ್ಲಿರುವ, ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ಅಲ್ಲಿಂದ ತಪ್ಪಿಸಿಕೊಂಡ ಅವನು 1895ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ದಂಗೆಯಡಗಿದ ಮೇಲೆ, 1882ರ ಮಾರ್ಚ್ 23ರ ಕಾಯಿದೆಯಿಂದ ಫ್ರೆಂಚರು ಅಲ್ಜೀರಿಯದವರೆಲ್ಲರಿಗೂ ಅಡ್ಡಹೆಸರನ್ನು ಕಡ್ಡಾಯಗೊಳಿಸಿದರು. ಗುಮಾಸ್ತನು ಬರೆದದ್ದೇ ಹೆಸರಾಯಿತು. ಕಾನ್‌ಸ್ಟಂಟೀನಿನಲ್ಲಿಯೇ ಹುಟ್ಟಿದ ಕಾದಂಬರಿಕಾರ ಮಾಲಿಕ್ ಹದ್ದಾದನು (1927–1978) ಫ್ರೆಂಚಿನಲ್ಲಿ ಬರೆದು, ಆ ಭಾಷೆಯೇ ತನಗೊಂದು ದೇಶಭ್ರಷ್ಟತೆಯೆಂದು ಕೊರಗಿ, ದೇಶ ಸ್ವತಂತ್ರವಾದ ಮೇಲೆ ಬಹುಮಟ್ಟಿಗೆ ಲೇಖನಿಯನ್ನೇ ಕೆಳಗಿಟ್ಟನು.

ನೆರೆಯ ಟ್ಯುನಿಸಿಯದ ತಾಹರ್ ಹದ್ದಾದನನ್ನು (1899–1935) ಮರೆಯುವುದು ಅನ್ಯಾಯ. ಜೈತೂನಾ ಮಸೀದಿಯ ವಿದ್ಯಾಪೀಠದಲ್ಲಿ ಕಲಿತ ಇವನು 1930ರಲ್ಲಿ ಸ್ತ್ರೀಯರ ಹಕ್ಕಿನ ಪರವಾಗಿ ಒಂದು ಗ್ರಂಥ ಬರೆದನು. ಪಂಡಿತರು ಸಿಡಿದೆದ್ದರು, ಪದವಿಯನ್ನು ಕಿತ್ತುಕೊಂಡರು. ಬಡತನದಲ್ಲಿಯೂ ಕ್ಷಯದಲ್ಲಿಯೂ ನವೆದು ಮೂವತ್ತಾರರ ಪ್ರಾಯದಲ್ಲಿಯೇ ಸತ್ತನು. 1956ರಲ್ಲಿ ಬಹುಪತ್ನೀತ್ವವನ್ನು ನಿಷೇಧಿಸಿ ಟ್ಯುನಿಸಿಯ ತಂದ ಕಾನೂನಿಗೆ ಅವನ ವಿಚಾರಗಳೇ ತಳಹದಿಯಾದುವೆಂದು ಈಗ ಎಲ್ಲರೂ ಹೇಳುತ್ತಾರೆ.

ಹದ್ದಾದರು ಅತಿ ದಟ್ಟವಾಗಿರುವ ನೆಲಗಳಲ್ಲಿ ಲೆಬನಾನ್ ಒಂದು. ಅಲ್ಲಿಯ ಅಬೈ ಗ್ರಾಮದಲ್ಲಿ ಹುಟ್ಟಿದ ನಾಲ್ಕನೆಯ ಗ್ರೆಗೊರಿ ಹದ್ದಾದರು 1906ರಿಂದ 1928ರವರೆಗೆ ಅಂತಿಯೋಕ್ಯದ ಆರ್ಥೊಡಾಕ್ಸ್ ಪೇಟ್ರಿಯಾರ್ಕರಾಗಿದ್ದರು. ಮೊದಲನೆಯ ಮಹಾಯುದ್ಧದ ಕ್ಷಾಮದಲ್ಲಿ ಅವರು ಎದೆಯ ಮೇಲಿನ ವಜ್ರದ ಶಿಲುಬೆಯನ್ನು ಮಾರಿ, ಮತಭೇದವೆಣಿಸದೆ ಹಸಿದವರಿಗೆ ರೊಟ್ಟಿ ಹಂಚಿದರೆಂದು ಜನ ಇಂದಿಗೂ ಹೇಳಿಕೊಳ್ಳುತ್ತಾರೆ. ಆ ಕ್ಷಾಮಕ್ಕೆ ಮೊದಲೂ ಅನಂತರವೂ ಲೆಬನಾನಿನ ಬೆಟ್ಟಗಳಿಂದ ಜನ ಹಡಗು ಹತ್ತುತ್ತಲೇ ಇದ್ದರು. ತುರ್ಕಿ ಸಾಮ್ರಾಜ್ಯದ ರಹದಾರಿ ಪತ್ರ ಹಿಡಿದು ಬಂದ ಅವರನ್ನು ಬ್ರೆಜಿಲ್ಲಿನವರು ‘ತುರ್ಕೊ’ ಎಂದೇ ಕರೆದರು. ತುರ್ಕರ ದೆಸೆಯಿಂದಲೇ ಊರು ಬಿಟ್ಟವರಿಗೆ ಇದಕ್ಕಿಂತ ಕಟುವಾದ ಅಡ್ಡಹೆಸರುಂಟೆ? ಅಮೆರಿಕಕ್ಕೆ ಹೋದ ಕೆಲವರು ಹದ್ದಾದನ್ನು ಅನುವಾದಿಸಿ ಸ್ಮಿತ್ ಆದರು. ಸಾವೊ ಪಾಲೊ ನಗರದ ಮಾರ್ಚ್ 25ರ ಬೀದಿ ಅರಬರ ಜವಳಿ ಅಂಗಡಿಗಳಿಗೆ ಹೆಸರಾದುದು. ಅಲ್ಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲೆಬನಾನಿನ ವಲಸೆಗಾರರೊಬ್ಬರ ಮಗ, ಹಳ್ಳಿಯ ಪಾದ್ರಿಯೊಬ್ಬರ ಮೊಮ್ಮಗ ಫೆರ್ನಾಂಡೊ ಹದ್ದಾದ್ 2013ರಿಂದ 2016ರವರೆಗೆ ಆ ನಗರದ ಮೇಯರಾಗಿದ್ದರು. 2018ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತು, 2023ರಲ್ಲಿ ಹಣಕಾಸಿನ ಸಚಿವರಾದರು.

ಊರಿನಲ್ಲಿ ಉಳಿದವರ ಪಾಡು ಬೇರೆಯಾಯಿತು. ಪ್ಯಾಲೆಸ್ಟೈನಿನ ವೈದ್ಯ ವದೀ ಹದ್ದಾದ್ ಇಸ್ರೇಲಿನ ವಿರುದ್ಧ ವಿಮಾನಗಳನ್ನು ಅಪಹರಿಸುವ ಉಗ್ರ ಮಾರ್ಗ ಹಿಡಿದು 1978ರಲ್ಲಿ ಸತ್ತನು. ಮರುವರ್ಷವೇ ದಕ್ಷಿಣ ಲೆಬನಾನಿನ ಮೇಜರ್ ಸಾದ್ ಹದ್ದಾದ್ ಇಸ್ರೇಲಿನ ಬೆಂಬಲದಿಂದ ಪ್ಯಾಲೆಸ್ಟೈನಿಯರ ಮೇಲೆ ಕಾದುತ್ತ ಪ್ರತ್ಯೇಕ ರಾಜ್ಯವನ್ನು ಘೋಷಿಸಿದನು. ಇಬ್ಬರೂ ಕ್ರೈಸ್ತರು, ಇಬ್ಬರೂ ಅರಬರು, ಇಬ್ಬರ ಹೆಸರಿನಲ್ಲಿಯೂ ಅದೇ ಸುತ್ತಿಗೆ.

ಇಷ್ಟೆಲ್ಲ ದೂರ ಬಂದ ಹೆಸರು ಒಂದು ನೆಲದಲ್ಲಿ ಮಾತ್ರ ಇನ್ನೂ ಅಡ್ಡಹೆಸರಾಗಿಲ್ಲ. ಆಫ್ರಿಕದ ಚಾಡ್ ದೇಶದ ಕಾನೆಮ್ ಸೀಮೆಯಲ್ಲಿ ‘ಹದ್ದಾದ್’ ಎಂದರೆ ಒಂದು ಜಾತಿ. ಕಬ್ಬಿಣ ಬಡಿಯುವವರು, ತೊಗಲು ಹದಮಾಡುವವರು, ಬಲೆ ಬೀಸಿ ಬೇಟೆಯಾಡುವವರು ಇವರೆಲ್ಲರಿಗೂ ಅಲ್ಲಿ ಅದೇ ಹೆಸರು. ಬೆಂಕಿಯೊಡನೆ ಸರಸವಾಡುವ ಅವರ ಕೈಯ ಬಗ್ಗೆ ಸುತ್ತಲಿನವರಿಗೆ ಅಂಜಿಕೆಯೂ ಉಂಟು, ಅಸಡ್ಡೆಯೂ ಉಂಟು. ಜರೀರನ ನಿಂದೆಗೆ ಸಾವಿರದ ಮುನ್ನೂರು ವರ್ಷ ತುಂಬಿತು. ಅಲ್ಲಿ ಅದು ಹಳತಾಗಿಲ್ಲ. ಕಮ್ಮಾರನು ಬೇರೆ ಮತದವನಲ್ಲ. ಅದೇ ಮಸೀದಿಯ ಕಡೆಗೆ ಮುಖ ಮಾಡಿ ಅದೇ ಪ್ರಾರ್ಥನೆಯನ್ನು ಸಲ್ಲಿಸುವವನು. ನೆರೆಯವರು ಅವನ ಕುಲುಮೆಗೆ ಬಂದು ಗುದ್ದಲಿ, ಚೂರಿ, ಈಟಿಗಳನ್ನು ಮಾಡಿಸಿಕೊಂಡು ಹೋಗುತ್ತಾರೆ. ಆ ಮನೆಗೆ ಹೆಣ್ಣನ್ನು ಕೊಡುವುದಿಲ್ಲ, ಆ ಮನೆಯಿಂದ ತರುವುದೂ ಇಲ್ಲ.