ಗಡಿ ದಾಟಿದವರು, ದಾಟಿಸಿದವರು

ವೀಸಾ ಎಂದರೇನೆಂದು ಶಿವಾಜಿನಗರದವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಲ್ಫಿನ ನಂಟಿಲ್ಲದ ಬೀದಿ ನಮ್ಮಲ್ಲಿ ವಿರಳ. "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಎಲ್ಲ ಸರಿಮಾಡಿಸುತ್ತೇನೆ" ಎನ್ನುವ ಏಜೆಂಟನನ್ನೂ ನಾವು ಬಲ್ಲೆವು. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯಬಾರದೆಂಬ ನಿಯಮವಿದೆ. ಆದರೆ ಸಾಲದ ಹೊರೆ ಹೊತ್ತ ಕುಟುಂಬಕ್ಕೆ ನಿಯಮ ಹೇಳುವವರು ಯಾರು? ವೀಸಾದ ಅವಧಿ ಮುಗಿದ ಮರುದಿನವೇ ಹೋದವಳು ಆ ದೇಶದಲ್ಲಿ ಅಪರಾಧಿ. ಸಂಬಳ ಕೊಡದಿದ್ದರೂ ಹೊಡೆದರೂ ಅವಳು ಪೊಲೀಸರ ಬಳಿ ಹೋಗಲು ಹೆದರುತ್ತಾಳೆ. ಆ ಹೆದರಿಕೆಯೇ ಮಾಲೀಕನ ಬಂಡವಾಳ.

ಇಷ್ಟನ್ನು ಬಲ್ಲ ನಾವು ನಮ್ಮದೇ ನಗರದ ಪೂರ್ವದಂಚಿಗೆ, ಕೆ.ಆರ್.ಪುರದ ಆಚೀಚೆ ಕಸ ವಿಂಗಡಿಸಿ ಬದುಕುವವರ ಜೋಪಡಿಗಳತ್ತ ಕಣ್ಣು ಹಾಯಿಸಬೇಕು. ಅಲ್ಲಿ ಪಶ್ಚಿಮ ಬಂಗಾಳ, ಅಸ್ಸಾಮುಗಳಿಂದ ಬಂದ ಈ ದೇಶದ ಪ್ರಜೆಗಳಿದ್ದಾರೆ. ಕಾಗದಪತ್ರಗಳಿಲ್ಲದೆ ಬಾಂಗ್ಲಾದೇಶದಿಂದ ಬಂದವರೂ ಇದ್ದಾರೆ. ಅವರೇಕೆ ಬರುತ್ತಾರೆ? ಪದ್ಮಾ, ಜಮುನಾ ನದಿಗಳು ದಂಡೆ ಕೊರೆದು ಹೊಲಮನೆಗಳನ್ನು ನುಂಗುತ್ತವೆ. ಕೂಲಿ ಸಾಲುವುದಿಲ್ಲ, ಸಾಲ ತೀರುವುದಿಲ್ಲ. 4,096 ಕಿಲೋಮೀಟರ್ ಉದ್ದದ ಗಡಿಯ ಎರಡೂ ಬದಿಯಲ್ಲಿ ದಲ್ಲಾಳಿಗಳು ಕಾದಿರುತ್ತಾರೆ.

ಈ ದಾರಿ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ರಾಮಮೂರ್ತಿನಗರದ ಪ್ರಕರಣ ಸಾಕ್ಷಿ. ಕೆಲಸದ ಆಸೆ ತೋರಿಸಿ ಬಾಂಗ್ಲಾದೇಶದಿಂದ ಕರೆತಂದಿದ್ದ ಯುವತಿಯೊಬ್ಬಳ ಮೇಲೆ ಅಲ್ಲಿ ನಡೆದ ಸಾಮೂಹಿಕ ಅತ್ಯಾಚಾರ 2021ರ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ಹಿಂಸಿಸಿದವರು ಬೇರೆ ನಾಡಿನವರಲ್ಲ, ಅವಳ ನಾಡಿನವರೇ. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಕೃತ್ಯವನ್ನು ಚಿತ್ರಿಸಿದ ವಿಡಿಯೋ ಹರಿದಾಡದೇ ಹೋಗಿದ್ದರೆ ಆಕೆಯ ಕೂಗು ಯಾರ ಕಿವಿಗೆ ಬೀಳುತ್ತಿತ್ತು? ಇಂಥ ಎಷ್ಟು ಕೂಗುಗಳು ನಾಲ್ಕು ಗೋಡೆಗಳ ನಡುವೆಯೇ ಅಡಗಿಹೋಗಿವೆಯೋ, ಅಲ್ಲಾಹನೇ ಬಲ್ಲ.

ಅಪಾಯ ಬಂದವರಿಗೆ ಮಾತ್ರವಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ "ಬಾಂಗ್ಲಾದವರು" ಎಂಬ ಹಣೆಪಟ್ಟಿ ಹಚ್ಚಿ ಗುಡಿಸಲುಗಳನ್ನು ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು! ಹೈಕೋರ್ಟ್ ಮಧ್ಯೆ ಪ್ರವೇಶಿಸಿ ತಡೆ ನೀಡಬೇಕಾಯಿತು. ಭಾಷೆ, ಬಟ್ಟೆ, ಬಡತನಗಳೇ ಪುರಾವೆಯಾದರೆ ನಾಳೆ ಯಾರ ಸರದಿ?

ಗಡಿಗೆ ಕಾವಲು ಬೇಡವೆಂದು ನಾವು ಹೇಳುತ್ತಿಲ್ಲ. ಯಾವ ದೇಶವೂ ತನ್ನ ಬಾಗಿಲನ್ನು ಹಾರುಹೊಡೆದು ಕೂರುವುದಿಲ್ಲ. 2025ರಲ್ಲಿ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಪ್ರಕಾರ ಅಕ್ರಮ ಪ್ರವೇಶಕ್ಕೆ ಐದು ವರ್ಷಗಳವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಸುಲಭವಾಗಿ ಸಿಕ್ಕಿಬೀಳುವವರು ಯಾರು? ಚಿಂದಿ ಆಯುವವನು, ಪಾತ್ರೆ ತೊಳೆಯುವವಳು. ದಾಟಿಸಿ ದುಡ್ಡೆಣಿಸಿದವನು, ಕಡಿಮೆ ಕೂಲಿಗೆ ದುಡಿಸಿಕೊಂಡವನು ಆರಾಮವಾಗಿರುತ್ತಾರೆ.

ಮಕ್ಕಾದಲ್ಲಿ ಬದುಕು ಅಸಾಧ್ಯವಾದಾಗ ಪ್ರವಾದಿಯವರ(ಸ) ಅನುಯಾಯಿಗಳು ಕಡಲು ದಾಟಿ ಅಬಿಸೀನಿಯಾಕ್ಕೆ ಹೋದರು. ಅಲ್ಲಿನ ಕ್ರೈಸ್ತ ದೊರೆ ಅವರ ಅಹವಾಲು ಕೇಳಿದ ಬಳಿಕವೇ ತೀರ್ಮಾನಿಸಿದ, ಆಶ್ರಯವನ್ನೂ ಕೊಟ್ಟ. ಇಂದಿನ ಕಾನೂನು ಬೇರೆಯಿರಬಹುದು. ಮೊದಲು ಅಹವಾಲು ಕೇಳುವ ನ್ಯಾಯ ಹಳತಾಗುವುದಿಲ್ಲ. ನಮ್ಮ ಮೊಹಲ್ಲಾದ ಹೆಣ್ಣುಮಗಳು ವಿಮಾನ ಹತ್ತುವ ಮುನ್ನ ಏಜೆಂಟನ ನೋಂದಣಿ ಪರಿಶೀಲಿಸಲು ಮಸೀದಿಯ ಜಮಾಅತ್ ನೆರವಾಗಲಿ. ಕೆ.ಆರ್.ಪುರದ ಜೋಪಡಿಯವಳನ್ನು "ಎಲ್ಲಿಯವಳು?" ಎಂದು ಕೇಳುವವರು "ಯಾರು ಕರೆತಂದರು? ಕೂಲಿ ಕೊಟ್ಟರೇ?" ಎಂದೂ ಕೇಳಲಿ.